ಪರೀಕ್ಷಾ ಕೊಠಡಿಯ ಕಾರು, ಚಾರ್ಮಾಡಿ ಘಾಟಿಯ ಕಾರು

"ಅಂಕ ಬರುವುದು ಬೇರೆ, ವಿಷಯ ಬರುವುದು ಬೇರೆ" ಎಂದು ನಮ್ಮ ಭೌತಶಾಸ್ತ್ರದ ಸರ್ ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಈ ಮಾತು ವಿದ್ಯಾರ್ಥಿಗಳಿಗೆ ಮಾತ್ರ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆದರೆ ಕಾರುಗಳಿಗೂ ಪರೀಕ್ಷೆ ಇದೆ. ಅವುಗಳಿಗೂ ಪಠ್ಯಕ್ರಮ ಇದೆ, ಪರೀಕ್ಷಾ ಕೊಠಡಿ ಇದೆ, ಪಾಸು ಫೇಲು ಇದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು ರಸ್ತೆಗೆ ಬಂದ ಮೇಲೆ ಬೇರೆಯೇ ರೀತಿ ನಡೆದುಕೊಳ್ಳುವ ಕಾರುಗಳೂ ಇವೆ. ಎರಡು ತಿಂಗಳಿಂದ ನಾನು ಇದನ್ನೇ ಓದುತ್ತಿದ್ದೇನೆ. ಅದಕ್ಕೆ ಕಾರಣ ನಮ್ಮ ಮನೆಯ ಗಾಡಿ.

ನಮ್ಮ ಅಬ್ಬಾ ಟ್ಯಾಕ್ಸಿ ಓಡಿಸುತ್ತಾರೆ. ಸಾಲ ಮಾಡಿ ತೆಗೆದ ಏಳು ಸೀಟಿನ ಡೀಸೆಲ್ ಗಾಡಿ, ಹಳದಿ ಬೋರ್ಡು. ಚಿಕ್ಕಮಗಳೂರು ಕಡೆಯಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗಳಿಗೆ, ಬಜ್ಪೆ ವಿಮಾನ ನಿಲ್ದಾಣಕ್ಕೆ ಜನರನ್ನು ಬಿಟ್ಟು ಬರುವುದು ಅವರ ಮುಖ್ಯ ಬಾಡಿಗೆ. ಗಾಡಿ ತೆಗೆಯುವಾಗ ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಲೀಟರಿಗೆ 21 ಕಿಲೋಮೀಟರ್ ಎಂದು ಅಚ್ಚಾಗಿತ್ತು. ಬಾಡಿಗೆ ದರ, ಸಾಲದ ಕಂತು, ನನ್ನ ಮತ್ತು ತಂಗಿಯ ಫೀಸು ಎಲ್ಲವನ್ನೂ ಅಬ್ಬಾ ಆ 21ರ ಮೇಲೆಯೇ ಲೆಕ್ಕ ಹಾಕಿದ್ದರು. ಲೆಕ್ಕ ಕೂಡಲಿಲ್ಲ. ತಿಂಗಳ ಕೊನೆಗೆ ಕೈಯಲ್ಲಿ ಉಳಿಯಬೇಕಾದ ದುಡ್ಡು ಉಳಿಯುತ್ತಿರಲಿಲ್ಲ. "ಎಲ್ಲಿ ಸೋರುತ್ತಿದೆಯೋ ನೋಡು ಬೇಟಾ, ನೀನು ಸೈನ್ಸ್ ಓದುತ್ತೀಯಲ್ಲ" ಎಂದರು ಅಬ್ಬಾ.

ಹಾಗಾಗಿ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಲೆಕ್ಕ ಶುರು ಮಾಡಿದೆ. ವಿಧಾನ ಸುಲಭ. ಒಂದೇ ಪೆಟ್ರೋಲ್ ಬಂಕ್, ಪ್ರತಿ ಸಲವೂ ಟ್ಯಾಂಕ್ ಫುಲ್, ಪಂಪು ತಾನಾಗಿ ನಿಂತ ಮೇಲೆ ಒಂದು ಹನಿಯೂ ಹೆಚ್ಚಿಗೆ ಹಾಕಿಸಬಾರದು. ಕಿಲೋಮೀಟರ್ ರೀಡಿಂಗ್ ಮತ್ತು ಹಾಕಿಸಿದ ಲೀಟರ್ ಎರಡನ್ನೂ ಅಲ್ಲೇ ಬರೆಯಬೇಕು. ಎರಡು ತಿಂಗಳಲ್ಲಿ ಗಾಡಿ ಓಡಿದ್ದು 5,688 ಕಿಲೋಮೀಟರ್, ಕುಡಿದದ್ದು 360 ಲೀಟರ್. ಭಾಗಿಸಿದರೆ ಲೀಟರಿಗೆ 15.8. ಕಡೂರು, ತರೀಕೆರೆ ಕಡೆಯ ಬಯಲು ರಸ್ತೆಯಲ್ಲಿ 18 ದಾಟಿದ್ದುಂಟು. ಮಳೆ, ಮಂಜು, ಏಳು ಜನ, ಮೇಲೆ ಲಗೇಜು, ಗಾಜಿನ ಮಂಜು ಬಿಡಿಸಲು ಎಸಿ ಹಾಕಿ ಘಾಟಿ ಹತ್ತಿದ ವಾರದಲ್ಲಿ 13ಕ್ಕೆ ಇಳಿದದ್ದೂ ಉಂಟು. ಪುಸ್ತಿಕೆಯ ಪ್ರಕಾರ ಅಷ್ಟು ದೂರಕ್ಕೆ 271 ಲೀಟರ್ ಸಾಕಾಗಬೇಕಿತ್ತು. ಉಳಿದ 89 ಲೀಟರಿನ ಬೆಲೆ ಸುಮಾರು ಎಂಟು ಸಾವಿರ ರೂಪಾಯಿ. ಸೋರುತ್ತಿದ್ದದ್ದು ಅಲ್ಲಿ.

ಇದು ದುಡ್ಡಿನ ಲೆಕ್ಕ ಮಾತ್ರವಲ್ಲ, ಹೊಗೆಯ ಲೆಕ್ಕವೂ ಹೌದು. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿದರೆ ಸುಮಾರು 2.65 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಲೀಟರ್ ಡೀಸೆಲ್ ಒಂದು ಕಿಲೋ ಕೂಡ ತೂಗುವುದಿಲ್ಲ, ಹೊಗೆ ಹೇಗೆ ಅಷ್ಟು ತೂಗುತ್ತದೆ ಎಂದು ತಂಗಿ ಕೇಳಿದಳು. ಪ್ರಥಮ ಪಿಯುಸಿಯ ರಸಾಯನಶಾಸ್ತ್ರ ನೆನಪಿದ್ದವರಿಗೆ ಉತ್ತರ ಗೊತ್ತು: 12 ಗ್ರಾಂ ಕಾರ್ಬನ್ ಗಾಳಿಯಿಂದ 32 ಗ್ರಾಂ ಆಕ್ಸಿಜನ್ ಸೇರಿಸಿಕೊಂಡು 44 ಗ್ರಾಂ ಆಗುತ್ತದೆ. ಪುಸ್ತಿಕೆಯ 21ರ ಲೆಕ್ಕದಲ್ಲಿ ನಮ್ಮ ಗಾಡಿ ಕಿಲೋಮೀಟರಿಗೆ 126 ಗ್ರಾಂ ಬಿಡಬೇಕು. ನಿಜವಾಗಿ ಬಿಡುತ್ತಿರುವುದು ಸುಮಾರು 168 ಗ್ರಾಂ. ಅಂದರೆ ಮೂರನೇ ಒಂದು ಭಾಗದಷ್ಟು ಹೆಚ್ಚು.

ಹಾಗಾದರೆ ಪುಸ್ತಿಕೆಯಲ್ಲಿ ಅಚ್ಚಾದದ್ದು ಸುಳ್ಳೇ? ಅಲ್ಲ. ಅದು ಪರೀಕ್ಷೆಯಲ್ಲಿ ಬಂದ ಅಂಕ. ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರನ್ನು ಪುಣೆಯ ಎಆರ್‌ಎಐಯಂಥ ಅಧಿಕೃತ ಸಂಸ್ಥೆಗಳು ಪರೀಕ್ಷಿಸುತ್ತವೆ. ಕಾರನ್ನು ರೋಲರುಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಅಲ್ಲೇ ಇರುತ್ತದೆ. ಯಾವ ಸೆಕೆಂಡಿಗೆ ಎಷ್ಟು ವೇಗ ಎಂಬುದು ಮೊದಲೇ ಬರೆದಿಟ್ಟ ಪಟ್ಟಿ. ನಮ್ಮಲ್ಲಿ ಬಳಕೆಯಾದ ಪಟ್ಟಿ ಯುರೋಪಿನ ಹಳೆಯ ಎನ್‌ಇಡಿಸಿ ಪಟ್ಟಿಯ ಮಾರ್ಪಾಡು. ಒಟ್ಟು 1,180 ಸೆಕೆಂಡು, ಇಪ್ಪತ್ತು ನಿಮಿಷಕ್ಕೂ ಕಡಿಮೆ. ಯುರೋಪಿನ ಪಟ್ಟಿಯಲ್ಲಿ ಗರಿಷ್ಠ ವೇಗ ಗಂಟೆಗೆ 120 ಕಿಲೋಮೀಟರ್, ನಮ್ಮದರಲ್ಲಿ 90. ಆ ಪಟ್ಟಿಯಲ್ಲಿ ಕಾರು ನಿಂತಲ್ಲಿಂದ 50ರ ವೇಗಕ್ಕೆ ಬರಲು 26 ಸೆಕೆಂಡು ತೆಗೆದುಕೊಳ್ಳುತ್ತದೆ. ಅಬ್ಬಾ ಇದನ್ನು ಕೇಳಿ ನಕ್ಕರು. "ಬಸ್ ಸ್ಟ್ಯಾಂಡ್ ಮುಂದೆ ಹಾಗೆ ಹೊರಟರೆ ಹಿಂದಿನವರು ಹಾರನ್ ಹೊಡೆದು ಹೊಡೆದು ಸಾಯುತ್ತಾರೆ" ಎಂದರು. ಅಲ್ಲಿ ಘಾಟಿ ಇಲ್ಲ, ಗುಂಡಿ ಇಲ್ಲ, ಎಸಿ ಇಲ್ಲ, ಏಳು ಜನ ಇಲ್ಲ.

ಯುರೋಪಿನಲ್ಲಿ ಕಂಪನಿಗಳು ಈ ಪರೀಕ್ಷೆಯ ಸಡಿಲಗಳನ್ನೂ ಚೆನ್ನಾಗಿ ಬಳಸಿಕೊಂಡವು. ಟೈರಿಗೆ ಹೆಚ್ಚು ಗಾಳಿ ತುಂಬುವುದು, ಬಾಗಿಲ ಸಂದುಗಳಿಗೆ ಟೇಪ್ ಹಚ್ಚಿ ಗಾಳಿಯ ತಡೆ ಕಡಿಮೆ ಮಾಡುವುದು, ಬ್ಯಾಟರಿಯನ್ನು ಮೊದಲೇ ತುಂಬಿಟ್ಟುಕೊಳ್ಳುವುದು ಇಂಥವು. ಸ್ವಚ್ಛ ಸಾರಿಗೆಯ ಅಧ್ಯಯನ ನಡೆಸುವ ಐಸಿಸಿಟಿ ಎಂಬ ಸಂಸ್ಥೆ ಯುರೋಪಿನ ಲಕ್ಷಾಂತರ ಕಾರುಗಳ ಮಾಹಿತಿ ಕಲೆಹಾಕಿ ನೋಡಿತು. 2001ರಲ್ಲಿ ಪ್ರಯೋಗಾಲಯಕ್ಕೂ ರಸ್ತೆಗೂ ಇದ್ದ ಕಾರ್ಬನ್ ಡೈಆಕ್ಸೈಡ್ ಅಂತರ ಶೇ 10ರ ಒಳಗಿತ್ತು. 2015ರ ಹೊತ್ತಿಗೆ ಅದು ಶೇ 40 ದಾಟಿತ್ತು. ಕಾಗದದ ಮೇಲೆ ಕಾರುಗಳು ವರ್ಷ ವರ್ಷ ಸುಧಾರಿಸುತ್ತಿದ್ದವು, ರಸ್ತೆಯಲ್ಲಿ ಆ ಸುಧಾರಣೆಯ ದೊಡ್ಡ ಭಾಗ ಕಾಣಿಸಲೇ ಇಲ್ಲ.

ಪ್ರಯೋಗಾಲಯದ ಪರೀಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಪಿಪೆಟ್ಟು, ಒಂದೇ ಬ್ಯೂರೆಟ್ಟು ಏಕೆ? ಹೋಲಿಸಿ ನೋಡಲು. ಒಂದು ಕಾರನ್ನು ಘಾಟಿಯಲ್ಲೂ ಇನ್ನೊಂದನ್ನು ಬಯಲಿನಲ್ಲೂ ಓಡಿಸಿ ಯಾವುದು ಒಳ್ಳೆಯದು ಎಂದರೆ ಅನ್ಯಾಯ. ಎಲ್ಲರಿಗೂ ಒಂದೇ ಪರೀಕ್ಷೆ ಬೇಕು. ತೊಂದರೆ ಬರುವುದು ಪ್ರಶ್ನೆಪತ್ರಿಕೆ ವರ್ಷಾನುಗಟ್ಟಲೆ ಬದಲಾಗದಿದ್ದಾಗ, ಅದೇ ಪ್ರಶ್ನೆಗೆ ಮಾತ್ರ ತಯಾರಾಗುವವರು ಹುಟ್ಟಿಕೊಂಡಾಗ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರ ಕಥೆ ಜಗತ್ತಿಗೇ ಗೊತ್ತಾದದ್ದು 2015ರಲ್ಲಿ. ಅದರಲ್ಲಿ ನಮ್ಮ ರಾಜ್ಯದವರೊಬ್ಬರ ಪಾತ್ರವೂ ಇದೆ ಎಂಬುದು ನನಗೆ ಓದಿ ಖುಷಿ ಕೊಟ್ಟ ವಿಷಯ.

ಅಮೆರಿಕದಲ್ಲಿ ನೈಟ್ರೋಜನ್ ಆಕ್ಸೈಡ್‌ಗಳ ಮಿತಿ ಯುರೋಪಿಗಿಂತ ಬಿಗಿ. ಹಾಗಾಗಿ ಅಲ್ಲಿ ಮಾರುವ ಡೀಸೆಲ್ ಕಾರುಗಳು ಸ್ವಚ್ಛವಾಗಿರಬೇಕು, ಅವನ್ನು ರಸ್ತೆಯಲ್ಲಿ ಅಳೆದು ಯುರೋಪಿಗೆ ಮಾದರಿಯಾಗಿ ತೋರಿಸೋಣ ಎಂದು ಐಸಿಸಿಟಿ ಯೋಚಿಸಿತು. ಕೆಲಸ ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ. ಡೇನಿಯಲ್ ಕಾರ್ಡರ್ ನೇತೃತ್ವದ ಸಣ್ಣ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ, ಭಾರತದವರೇ ಆದ ಅರವಿಂದ್ ತಿರುವೆಂಗಡಂ ಮತ್ತು ಮಾರ್ಕ್ ಬೆಶ್ ಇದ್ದರು. ಅನುದಾನ ಒಂದು ಲಕ್ಷ ಡಾಲರಿಗೂ ಕಡಿಮೆ. ಮೂರು ಡೀಸೆಲ್ ಕಾರು ತೆಗೆದುಕೊಂಡರು: ಫೋಕ್ಸ್‌ವ್ಯಾಗನ್ ಜೆಟ್ಟಾ, ಫೋಕ್ಸ್‌ವ್ಯಾಗನ್ ಪಸಾಟ್, ಬಿಎಂಡಬ್ಲ್ಯು ಎಕ್ಸ್5. ಕಾರಿನ ಹಿಂಭಾಗದಲ್ಲಿ ಹೊಗೆ ಅಳೆಯುವ ಸಾಗಿಸಬಹುದಾದ ಉಪಕರಣ, ಅದಕ್ಕೆ ಕರೆಂಟು ಕೊಡಲು ಪುಟ್ಟ ಜನರೇಟರು. ಹಾಗೆಯೇ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು. ಪಸಾಟನ್ನು ಲಾಸ್ ಏಂಜಲೀಸಿನಿಂದ ಸಿಯಾಟಲ್‌ವರೆಗೆ ಓಡಿಸಿಕೊಂಡು ಹೋಗಿ ಬಂದರು.

ಪ್ರಯೋಗಾಲಯದ ರೋಲರಿನ ಮೇಲೆ ಎರಡೂ ಫೋಕ್ಸ್‌ವ್ಯಾಗನ್ ಕಾರುಗಳು ಪಾಸು. ರಸ್ತೆಯಲ್ಲಿ ಜೆಟ್ಟಾ ಮಿತಿಯ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ನೈಟ್ರೋಜನ್ ಆಕ್ಸೈಡ್ ಬಿಡುತ್ತಿದ್ದವು. ಬಿಎಂಡಬ್ಲ್ಯು ಬಹುಪಾಲು ಮಿತಿಯೊಳಗೇ ಇತ್ತು. ಅಂದರೆ ರಸ್ತೆಯಲ್ಲೂ ಸ್ವಚ್ಛವಾಗಿರುವುದು ಅಸಾಧ್ಯವಾಗಿರಲಿಲ್ಲ.

ಕಾರಿಗೆ ತಾನು ಪರೀಕ್ಷೆಯಲ್ಲಿದ್ದೇನೆ ಎಂದು ಗೊತ್ತಾಗುವುದು ಹೇಗೆ? ರೋಲರಿನ ಮೇಲೆ ಚಕ್ರ ತಿರುಗುತ್ತದೆ, ಸ್ಟೀರಿಂಗ್ ಅಲ್ಲಾಡುವುದಿಲ್ಲ. ವೇಗ ಏರಿಳಿಯುವುದು ಆ ಪಟ್ಟಿಯ ಪ್ರಕಾರವೇ. ಸ್ಟೀರಿಂಗ್, ವೇಗ, ಎಂಜಿನ್ ಓಡಿದ ಸಮಯ, ಗಾಳಿಯ ಒತ್ತಡ ಇವನ್ನು ನೋಡಿ ಕಾರಿನ ಸಾಫ್ಟ್‌ವೇರ್ "ಇದು ಪರೀಕ್ಷೆ" ಎಂದು ಗುರುತಿಸುತ್ತಿತ್ತು. ಆಗ ಮಾತ್ರ ಹೊಗೆ ಶುದ್ಧೀಕರಣ ಪೂರ್ತಿ ಕೆಲಸ ಮಾಡುತ್ತಿತ್ತು. ಹೊರಗೆ ಬಂದೊಡನೆ ಕಡಿಮೆ. ಶುದ್ಧೀಕರಣಕ್ಕೆ ಹೆಚ್ಚು ಇಂಧನವೋ ಯೂರಿಯಾ ದ್ರಾವಣವೋ ಖರ್ಚಾಗುತ್ತದೆ. ಮೈಲೇಜೂ ಬೇಕು, ಸ್ವಚ್ಛತೆಯೂ ಬೇಕು, ಬೆಲೆಯೂ ಏರಬಾರದು ಎಂದಾಗ ಎಂಜಿನಿಯರುಗಳು ಆರಿಸಿಕೊಂಡ ದಾರಿ ಇದು.

ವರದಿ ಹೊರಬಂದದ್ದು 2014ರ ಮೇ ತಿಂಗಳಲ್ಲಿ. ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಬಿಡದೆ ಪ್ರಶ್ನೆ ಕೇಳುತ್ತಾ ಹೋಯಿತು. ಕಂಪನಿ ನೆಪ ಹೇಳುತ್ತಾ ಹೋಯಿತು. ಕೊನೆಗೆ 2015ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ಭಾರತದಲ್ಲೂ ಆ ವರ್ಷದ ಡಿಸೆಂಬರಿನಲ್ಲಿ 3.23 ಲಕ್ಷ ಕಾರುಗಳನ್ನು ಸರಿಪಡಿಸಲು ವಾಪಸು ಕರೆಯುವುದಾಗಿ ಕಂಪನಿ ಪ್ರಕಟಿಸಿತು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಆ ಆದೇಶದ ಮೇಲೆ ಬಲವಂತದ ಕ್ರಮ ಕೈಗೊಳ್ಳದಂತೆ ಸುಪ್ರೀಂ ಕೋರ್ಟ್ ತಡೆ ನೀಡಿತು.

ನೈಟ್ರೋಜನ್ ಆಕ್ಸೈಡ್ ಎಂದರೆ ನಮಗೆ ಹೊಸದಲ್ಲ. ತಾಮ್ರದ ಚೂರಿಗೆ ಸಾಂದ್ರ ನೈಟ್ರಿಕ್ ಆಮ್ಲ ಹಾಕಿದಾಗ ಪ್ರನಾಳದಿಂದ ಏಳುವ ಕಂದು ಅನಿಲವನ್ನು ಲ್ಯಾಬಿನಲ್ಲಿ ನೋಡಿದ್ದೇವೆ, ಮೂಗು ಮುಚ್ಚಿಕೊಂಡು ಹಿಂದೆ ಸರಿದಿದ್ದೇವೆ. ಎಂಜಿನ್ನಿನ ವಿಪರೀತ ಬಿಸಿಯಲ್ಲಿ ಗಾಳಿಯ ನೈಟ್ರೋಜನ್ನೂ ಆಕ್ಸಿಜನ್ನೂ ಕೂಡಿ ಇಂಥ ಅನಿಲ ಆಗುತ್ತದೆ. ಶ್ವಾಸಕೋಶಕ್ಕೆ ಕೆಟ್ಟದ್ದು, ಅಸ್ತಮಾ ಇದ್ದವರಿಗೆ ಇನ್ನೂ ಕೆಟ್ಟದ್ದು. ರಸ್ತೆಯಲ್ಲಿ ಇದು ಗಾಳಿಯಲ್ಲಿ ತೆಳುವಾಗಿ ಬೆರೆತಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಇಲ್ಲಿ ಅಬ್ಬಾ ಒಂದು ಪ್ರಶ್ನೆ ಕೇಳಿದರು: "ನಾವು ಬಂಕಿನ ಹತ್ತಿರ ಎಮಿಷನ್ ಟೆಸ್ಟ್ ಮಾಡಿಸುತ್ತೇವಲ್ಲ, ಅದರಲ್ಲಿ ಇದು ಗೊತ್ತಾಗುವುದಿಲ್ಲವೇ?" ಇಲ್ಲ. ಅಲ್ಲಿ ಡೀಸೆಲ್ ಗಾಡಿಯನ್ನು ನಿಲ್ಲಿಸಿ, ಗೇರ್ ಹಾಕದೆ ಆಕ್ಸಿಲರೇಟರ್ ಒತ್ತಿಸಿ ಹೊಗೆ ಎಷ್ಟು ಕಪ್ಪಗಿದೆ ಎಂದು ನೋಡುತ್ತಾರೆ. ಪೆಟ್ರೋಲ್ ಗಾಡಿಯಾದರೆ ನಿಂತಲ್ಲೇ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡನ್ನು ಆ ಯಂತ್ರ ಕೇಳುವುದೇ ಇಲ್ಲ. ಎಂಜಿನ್ ತೀರಾ ಕೆಟ್ಟ ಗಾಡಿಯನ್ನು ಹಿಡಿಯಲು ಆ ಪರೀಕ್ಷೆ ಸಾಕು, ಅದು ಬೇಕು ಕೂಡ. ಆದರೆ ಅದರ ಚೀಟಿ ಗಾಡಿಯ ಪೂರ್ತಿ ಗುಣಪತ್ರ ಅಲ್ಲ.

ಒಳ್ಳೆಯ ಸುದ್ದಿಯೂ ಇದೆ. ಯುರೋಪು 2017ರಿಂದ ಹೊಸ ಮಾದರಿಗಳಿಗೆ ಹೆಚ್ಚು ನೈಜವಾದ ಪಟ್ಟಿ ತಂದಿತು. ಜೊತೆಗೆ ಕಾರಿಗೆ ಉಪಕರಣ ಕಟ್ಟಿ ರಸ್ತೆಯಲ್ಲೇ ಓಡಿಸಿ ಅಳೆಯುವುದನ್ನೂ ಕಡ್ಡಾಯ ಮಾಡಿತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು. 2023ರ ಏಪ್ರಿಲ್ 1ರಿಂದ ರಸ್ತೆಯ ಮೇಲಿನ ಪರೀಕ್ಷೆಯಲ್ಲೂ ಮಿತಿ ಪಾಲಿಸಲೇಬೇಕು. ವೆಸ್ಟ್ ವರ್ಜೀನಿಯಾದ ಆ ಸಣ್ಣ ತಂಡ ಮಾಡಿದ ಕೆಲಸವೇ ಈಗ ನಿಯಮವಾಗಿದೆ.

ಇದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಮೋಸಕ್ಕಿಂತ ಆ ಮೋಸ ಬಯಲಾದ ರೀತಿ. ಯಾರೂ ಕಂಪನಿಯ ಕಪಾಟು ಒಡೆದು ರಹಸ್ಯ ಕಾಗದ ಕದಿಯಲಿಲ್ಲ. ಪ್ರಯೋಗಾಲಯದಲ್ಲಿ ಅಳೆದದ್ದನ್ನೇ ಹೊರಗೆ ಹೋಗಿ ಮತ್ತೊಮ್ಮೆ ಅಳೆದರು. ಎರಡು ಉತ್ತರ ಕೂಡದಿದ್ದಾಗ ಉಪಕರಣ ಸರಿಯಿದೆಯೇ ಎಂದು ಮೊದಲು ತಮ್ಮನ್ನೇ ಅನುಮಾನಿಸಿ ಪರೀಕ್ಷಿಸಿಕೊಂಡರು. ಆಮೇಲೆ ಬಂದದ್ದನ್ನು ಬಂದ ಹಾಗೆ ಬರೆದರು. ವಿಜ್ಞಾನ ಓದುವ ನಮ್ಮಂಥವರಿಂದ ಆಗದ ಕೆಲಸ ಅದರಲ್ಲಿ ಯಾವುದೂ ಇಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲೂ ಸ್ಕೂಟರೋ ಆಟೋವೋ ಇರುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ರೀಡಿಂಗ್ ಬರೆಯಿರಿ, ಮುಂದಿನ ಫುಲ್‌ವರೆಗೆ ಕಾಯಿರಿ. ಒಂದು ಸಲದ ಲೆಕ್ಕ ನಂಬಬೇಡಿ, ಕನಿಷ್ಠ ನಾಲ್ಕೈದು ಸಲದ ಸರಾಸರಿ ತೆಗೆಯಿರಿ. ಟೈರಿನ ಗಾಳಿ ಸರಿಮಾಡಿಸಿ ಇನ್ನೊಮ್ಮೆ ನೋಡಿ. ಇಪ್ಪತ್ತು ಮನೆಗಳ ಲೆಕ್ಕ ಸೇರಿದರೆ ನಮ್ಮ ವಿಜ್ಞಾನ ಸಂಘದ ಪ್ರದರ್ಶನಕ್ಕೆ ಒಳ್ಳೆಯ ಚಾರ್ಟ್ ಆಗುತ್ತದೆ. ಸರ್ ಒಪ್ಪಿದ್ದಾರೆ.

ನಮ್ಮ ಮನೆಯಲ್ಲಿ ಒಂದು ಬದಲಾವಣೆ ಆಗಿಹೋಗಿದೆ. ಮಂಗಳೂರು ಬಾಡಿಗೆಗೆ ಅಬ್ಬಾ ಈಗ ಪುಸ್ತಿಕೆಯ 21 ಹಿಡಿಯುವುದಿಲ್ಲ, ನೋಟ್‌ಬುಕ್ಕಿನ 15.8 ಹಿಡಿಯುತ್ತಾರೆ. ಕಳೆದ ವಾರ ಗಿರಾಕಿಯೊಬ್ಬರು ದರ ಯಾಕೆ ಹೆಚ್ಚಾಯಿತು ಎಂದು ಕೇಳಿದಾಗ ಅವರು ಡ್ಯಾಶ್‌ಬೋರ್ಡಿನಿಂದ ನೋಟ್‌ಬುಕ್ ತೆಗೆದು ಕೈಗೆ ಕೊಟ್ಟರಂತೆ. ಗಿರಾಕಿ ನಾಲ್ಕು ಪುಟ ತಿರುವಿ ನೋಡಿ, ಚೌಕಾಸಿ ಮಾಡದೆ ಗಾಡಿ ಹತ್ತಿದರಂತೆ.