ಮದುವೆ ಪೇಟೆಯಲ್ಲಿ ಒಂದು ಸುತ್ತು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಬೆಂಗಳೂರಿನ ಪೇಟೆ ಬೀದಿಗಳನ್ನು ಒಮ್ಮೆ ಸುತ್ತಿದ್ದರೆ, ‘ಪೇಟೆ ಸುತ್ತಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೇನೋ! ಧಾರೆ ಸೀರೆಯಿಂದ ಹಿಡಿದು ವಾಲಗದವರ ವಿಳಾಸದವರೆಗೆ ಮದುವೆಗೆ ಬೇಕಾದದ್ದೆಲ್ಲ ನಡೆದು ಮುಗಿಸಬಹುದಾದಷ್ಟು ದೂರದಲ್ಲಿ ಸಿಗುವ ಜಾಗವಿದು. ತುಮಕೂರು, ಕೋಲಾರ, ಮಂಡ್ಯದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬಂದು ಸಂಜೆ ಗಂಟು ಮೂಟೆಗಳೊಂದಿಗೆ ಮರಳುವ ಕುಟುಂಬಗಳನ್ನು ಇಲ್ಲಿ ಮದುವೆಯ ತಿಂಗಳುಗಳಲ್ಲಿ ದಿನವೂ ಕಾಣಬಹುದು. ಮುಂದೆ ಅಮ್ಮ, ಹಿಂದೆ ಚೀಲ ಹಿಡಿದ ಅಪ್ಪ, ಎಲ್ಲರಿಗಿಂತ ಹಿಂದೆ ಬೇಸತ್ತು ಕಾಲೆಳೆಯುತ್ತಾ ಬರುವ ಕಾಲೇಜು ಹುಡುಗ ಅಥವಾ ಹುಡುಗಿ.

ಈ ಲೇಖನ ಮುಖ್ಯವಾಗಿ ಆ ಹಿಂದಿನವರಿಗಾಗಿ. ಏಕೆಂದರೆ ಅಕ್ಕನ ಮದುವೆಯ ಖರ್ಚು ಅಂದಾಜು ಮೀರಿದಾಗ ಮೊದಲು ಕೈ ಬೀಳುವುದು ತಮ್ಮ ತಂಗಿಯರ ಓದಿಗೆಂದು ತೆಗೆದಿಟ್ಟ ಹಣದ ಮೇಲೆ. ಹಾಗಾಗಿ ಪೇಟೆಯಲ್ಲಿ ಯಾರನ್ನು ಆರಿಸಬೇಕು, ಅವರೊಡನೆ ಹೇಗೆ ವ್ಯವಹರಿಸಬೇಕು ಎಂಬುದು ಹಿರಿಯರಿಗಷ್ಟೇ ಸೇರಿದ ವಿಷಯವಲ್ಲ.

ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರಿನ ಹೃದಯವೇ ಈ ಪೇಟೆ. ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕಿಗೆ ಅಟ್ಟಿ ಬೀದಿಗಳನ್ನು ಗುರುತಿಸಿದರೆಂಬ ಪ್ರತೀತಿ ಇದೆ. ಉತ್ತರ ದಕ್ಷಿಣಕ್ಕೆ ದೊಡ್ಡಪೇಟೆ, ಪೂರ್ವ ಪಶ್ಚಿಮಕ್ಕೆ ಚಿಕ್ಕಪೇಟೆ. ದೊಡ್ಡಪೇಟೆಯೇ ಮುಂದೆ ಅವೆನ್ಯೂ ರಸ್ತೆಯಾಯಿತು. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ತರಗುಪೇಟೆ, ಕುಂಬಾರಪೇಟೆ ಎಂದು ಹೆಸರಿನಲ್ಲೇ ಕಸುಬನ್ನು ಹೇಳಿಕೊಳ್ಳುವ ಬೀದಿಗಳು ಇವು. ಒಂದೇ ಕಸುಬಿನವರು ಒಂದೇ ಬೀದಿಯಲ್ಲಿರುವುದರಿಂದ ಕೊಳ್ಳುವವರಿಗೆ ಒಂದು ದೊಡ್ಡ ಅನುಕೂಲ: ಹತ್ತು ಹೆಜ್ಜೆ ನಡೆದರೆ ಎರಡನೆಯ ಬೆಲೆ, ಇನ್ನು ಹತ್ತು ಹೆಜ್ಜೆಗೆ ಮೂರನೆಯದು. ಮೂರು ಕಡೆ ಕೇಳದೆ ಮುಂಗಡ ಕೊಡಬಾರದೆಂಬ ನಿಯಮವನ್ನು ಪಾಲಿಸಲು ಇದಕ್ಕಿಂತ ಒಳ್ಳೆಯ ಊರಿಲ್ಲ.

ಹೊರಡುವ ಮುನ್ನ ಒಂದು ನೂರು ಪುಟದ ನೋಟ್ ಪುಸ್ತಕ ಕೊಳ್ಳಿ. ಮೊದಲ ಪುಟದಲ್ಲಿ ಒಟ್ಟು ಎಷ್ಟು ಖರ್ಚು ಮಾಡಬಹುದು, ಎಷ್ಟು ಜನ ಬರುತ್ತಾರೆ ಎಂಬ ಎರಡೇ ಅಂಕಿ ಇರಲಿ. ಓದಿನ ಹಣವನ್ನು ಈ ಲೆಕ್ಕದಿಂದ ಮೊದಲೇ ಹೊರಗಿಡಿ. ಪುಸ್ತಕ ಬರೆಯುವ ಕೆಲಸ ಮನೆಯ ವಿದ್ಯಾರ್ಥಿಯದು. ಅಂಗಡಿಯವರು ಮಾತನಾಡುವಾಗ ಪಕ್ಕದಲ್ಲಿ ಯಾರೋ ಬರೆದುಕೊಳ್ಳುತ್ತಿದ್ದರೆ ಮಾತು ತಾನಾಗಿಯೇ ಖಚಿತವಾಗುತ್ತದೆ.

ಕತ್ತಲಲ್ಲಿ ಅರಳುವ ಮಾರುಕಟ್ಟೆ

ಸುತ್ತಾಟವನ್ನು ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ, ಅದೂ ಬೆಳಕು ಹರಿಯುವ ಮುನ್ನವೇ ಆರಂಭಿಸುವುದು ಒಳ್ಳೆಯದು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಾಗ ಬೀದಿದೀಪ ಕಂಡ ಮೊದಲ ಜಾಗಗಳಲ್ಲಿ ಇದೂ ಒಂದು. ಇಂದಿಗೂ ಊರು ಮಲಗಿರುವಾಗ ಇಲ್ಲಿ ದೀಪದ ಕೆಳಗೆ ಸೇವಂತಿಗೆ, ಕನಕಾಂಬರ, ಸುಗಂಧರಾಜ, ಮಲ್ಲಿಗೆಗಳ ರಾಶಿ ಬಿದ್ದಿರುತ್ತದೆ. ಬಿಡಿ ಹೂವಿಗೆ ಕಿಲೋ ಲೆಕ್ಕ, ಕಟ್ಟಿದ ಹೂವಿಗೆ ಮಾರಿನ ಲೆಕ್ಕ. ಮಾರಿಗೆ ಮಾರುವವರ ತೋಳೇ ಅಳತೆಯಾದ್ದರಿಂದ, ಉದ್ದ ತೋಳಿನವರಲ್ಲಿ ಕೊಳ್ಳುವುದು ಜಾಣತನ!

ಹೂವಿನ ಬೆಲೆ ಇಂದು ಇದ್ದಂತೆ ನಾಳೆ ಇರುವುದಿಲ್ಲ. ಕಾರಣ ಸರಳ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಬಹಳಷ್ಟು ಮನೆಗಳವರು ಮದುವೆ ಮಾಡುವುದಿಲ್ಲ. ಉಳಿದ ತಿಂಗಳುಗಳಲ್ಲಿ ಒಳ್ಳೆಯ ಲಗ್ನಗಳೂ ಎಣಿಕೆಯವು. ಒಂದೇ ದಿನ ನೂರಾರು ಛತ್ರಗಳಲ್ಲಿ ಗಟ್ಟಿಮೇಳ ಮೊಳಗುವಾಗ ತೋಟದ ಹೂ ಮಾತ್ರ ಅಷ್ಟೇ ಇರುತ್ತದೆ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಬೇಡಿಕೆ, ಪೂರೈಕೆ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಇಲ್ಲಿ ಪಾಠ ಕಣ್ಣೆದುರೇ ನಡೆಯುತ್ತದೆ. ಆದ್ದರಿಂದ ಹಾರ, ಮೊಗ್ಗಿನ ಜಡೆ, ಮಂಟಪದ ಅಲಂಕಾರಗಳಿಗೆ ಬೆಲೆಯನ್ನು ಮೊದಲೇ ನಿಗದಿ ಮಾಡಿ ಬರೆಸಿಕೊಳ್ಳಬೇಕು. ಯಾವ ಹೂ, ಎಷ್ಟು, ಎಷ್ಟು ಗಂಟೆಗೆ ಛತ್ರಕ್ಕೆ ತಲುಪಬೇಕು, ಅಲಂಕಾರದಲ್ಲಿ ಪ್ಲಾಸ್ಟಿಕ್ ಹೂ ಬೆರೆಸುತ್ತಾರೆಯೇ ಎಂಬುದೂ ಬರಹದಲ್ಲಿರಲಿ.

ಹೂ ಕಟ್ಟುವವರನ್ನು ಆರಿಸಬೇಕಾದದ್ದು ಫೋಟೋ ನೋಡಿ ಅಲ್ಲ, ಅವರು ಕೆಲಸ ಮಾಡುವ ಹೊತ್ತಿನಲ್ಲಿ. ಹೂ ತಾಜಾ ಇದೆಯೇ, ಹೇಳಿದ ಹೊತ್ತಿಗೆ ಬೇರೆಯವರ ಹಾರ ಸಿದ್ಧವಾಗಿದೆಯೇ ಎಂದು ಅರ್ಧ ಗಂಟೆ ನಿಂತು ನೋಡಿದರೆ ಸಾಕು. ಈ ಮಾತು ಮದುವೆಯ ಎಲ್ಲ ಕೆಲಸಗಾರರಿಗೂ ಅನ್ವಯ. ಅಂಗಡಿಯ ಹೊಳಪನ್ನಲ್ಲ, ಕೆಲಸದ ಹೊತ್ತನ್ನು ನೋಡಿ ಆರಿಸಬೇಕು.

ಕಾಗದ, ಚಿನ್ನ, ರೇಷ್ಮೆ

ಬಿಸಿಲೇರುವ ಹೊತ್ತಿಗೆ ಅವೆನ್ಯೂ ರಸ್ತೆ ಎಚ್ಚರಗೊಳ್ಳುತ್ತದೆ. ಹಳೆಯ ಪಠ್ಯಪುಸ್ತಕ ಹುಡುಕಿಕೊಂಡು ಬಂದ ವಿದ್ಯಾರ್ಥಿಗಳಿಗೆ ಈ ಬೀದಿ ಹೊಸದಲ್ಲ. ಅದೇ ಬೀದಿಯಲ್ಲಿ, ಮತ್ತು ಅಲ್ಲಿಂದ ತುಸು ನಡೆದರೆ ಸಿಗುವ ಸುಲ್ತಾನ್‌ಪೇಟೆಯಲ್ಲಿ, ಲಗ್ನಪತ್ರಿಕೆಯ ಅಂಗಡಿಗಳು ಸಾಲುಗಟ್ಟಿವೆ. ಕರೆಯೋಲೆ ಈಗ ಫೋನಿನಲ್ಲೇ ಹೋಗುತ್ತದಾದರೂ ಅಂಚಿಗೆ ಅರಿಸಿನ ಹಚ್ಚಿದ ಕಾಗದವನ್ನು ಕೈಗೆ ಕೊಟ್ಟು ಕರೆಯುವ ಪದ್ಧತಿ ಉಳಿದಿದೆ. ಮದುವೆ ನೋಂದಣಿಗೆ ಹೋದಾಗಲೂ ಲಗ್ನಪತ್ರಿಕೆ ಕೇಳುತ್ತಾರೆ.

ಇಲ್ಲಿ ವಿದ್ಯಾರ್ಥಿಯ ಎರಡನೆಯ ಕೆಲಸ ಕರಡು ತಿದ್ದುವುದು. ತಾರೀಖಿಗೂ ವಾರಕ್ಕೂ ತಾಳೆಯಾಗುತ್ತದೆಯೇ, ಬೀಗರ ಇನಿಷಿಯಲ್ ಸರಿಯೇ, ಛತ್ರದ ವಿಳಾಸ ಪೂರ್ಣವಾಗಿದೆಯೇ ಎಂದು ಇಬ್ಬರು ಬೇರೆಬೇರೆಯಾಗಿ ಓದಬೇಕು. ಅಚ್ಚಿಗೆ ಮುನ್ನ ಕರಡಿಗೆ ಸಹಿ ಹಾಕುವವರು ನಾವು. ಆಮೇಲೆ ಕಂಡ ತಪ್ಪು ಮುದ್ರಕರದಲ್ಲ.

ರಾಜಾ ಮಾರ್ಕೆಟ್ ಮತ್ತು ನಗರ್ತಪೇಟೆಯ ಸುತ್ತ ಚಿನಿವಾರರ ಅಂಗಡಿಗಳು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಜಿಲ್ಲೆಗಳಲ್ಲಿ ಆರು ಅಕ್ಷರ ಅಂಕಿಗಳ ಗುರುತಿಲ್ಲದ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಬಿ.ಐ.ಎಸ್. ಮುದ್ರೆ, ಶುದ್ಧತೆಯ ಅಂಕಿ ಮತ್ತು ಈ ಗುರುತು, ಇವು ಮೂರನ್ನೂ ಭೂತಗನ್ನಡಿಯಲ್ಲಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. 916 ಎಂದರೆ ಸಾವಿರದಲ್ಲಿ 916 ಪಾಲು ಚಿನ್ನ, ಅಂದರೆ 22 ಕ್ಯಾರೆಟ್. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ನಿಯಮದಿಂದ ವಿನಾಯಿತಿ ಇರುವುದರಿಂದ ತಾಳಿಯ ಸಣ್ಣ ಗುಂಡುಗಳನ್ನು ನಂಬಿಕೆಯ ಕಡೆ ಕೊಳ್ಳಿ. ಚಿನ್ನದ ದರ ಎಲ್ಲ ಅಂಗಡಿಗಳಲ್ಲೂ ಹೆಚ್ಚು ಕಡಿಮೆ ಒಂದೇ. ವ್ಯತ್ಯಾಸವಿರುವುದು ಕೂಲಿ ಮತ್ತು ಸವಕಲಿನ ಲೆಕ್ಕದಲ್ಲಿ. ಹರಳಿನ ತೂಕ ಕಳೆದು ಬಿಲ್ಲು ಹಾಕಿದ್ದಾರೆಯೇ ಎಂದೂ ನೋಡಬೇಕು.

ಚಿಕ್ಕಪೇಟೆಯ ರೇಷ್ಮೆ ಅಂಗಡಿಗಳಲ್ಲಿ ಹಾಸಿನ ಮೇಲೆ ಕುಳಿತರೆ ಹೊತ್ತು ಹೋದದ್ದೇ ತಿಳಿಯದು. ಕಾಫಿ ಬಂತೆಂದು ಕೊಳ್ಳಲೇಬೇಕೆಂಬ ದಾಕ್ಷಿಣ್ಯ ಮಾತ್ರ ಬೇಡ. ಅಸಲಿ ಜರಿಯಲ್ಲಿ ರೇಷ್ಮೆ ದಾರಕ್ಕೆ ಬೆಳ್ಳಿಯ ಎಳೆ ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ. ಅಗ್ಗದ ಜರಿಯಲ್ಲಿ ಬೆಳ್ಳಿಯ ಬದಲು ತಾಮ್ರವೋ, ಬರಿಯ ಪ್ಲಾಸ್ಟಿಕ್ ಎಳೆಯೋ ಇರುತ್ತದೆ. ಯಾವುದನ್ನು ಕೊಂಡರೂ ತಪ್ಪಿಲ್ಲ. ತಾಮ್ರಕ್ಕೆ ಬೆಳ್ಳಿಯ ಬೆಲೆ ತೆರಬಾರದಷ್ಟೆ. ರೇಷ್ಮೆಯ ಒಂದೆಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಬೂದಿ ಪುಡಿಯಾಗುತ್ತದೆ. ಕೃತಕ ದಾರ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಇದೆಲ್ಲ ರಗಳೆ ಬೇಡವೆಂದರೆ ಕೇಂದ್ರ ರೇಷ್ಮೆ ಮಂಡಳಿಯ ಮೂಲಕ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಚೀಟಿ ಇರುವ ಸೀರೆ ಕೇಳಿ.

ವಾಲಗ ಮತ್ತು ಊಟ

ಬಳೆಪೇಟೆಯ ಕಡೆಗೆ ತಿರುಗಿದರೆ ವಾದ್ಯಗಳ ಅಂಗಡಿಗಳು. ನಾಗಸ್ವರ, ಡೋಲು ತೂಗುಹಾಕಿದ ಈ ಬೀದಿಯಲ್ಲಿ ವಾಲಗದವರ ವಿಚಾರ ಕೇಳಿದರೆ ಗೊತ್ತಿರುವವರು ಸಿಗುತ್ತಾರೆ. ಎಷ್ಟು ಜನ ಬರುತ್ತಾರೆ, ಹಿಂದಿನ ಸಂಜೆಯ ವರಪೂಜೆಗೂ ನುಡಿಸುತ್ತಾರೆಯೇ, ಪ್ರಯಾಣದ ಖರ್ಚು ಯಾರದು ಎಂದು ಮೊದಲೇ ಮಾತಾಗಲಿ. ಮಾತನಾಡಿದ ಹಿರಿಯ ವಿದ್ವಾಂಸರೇ ಬರುತ್ತಾರೋ, ಅವರ ಬದಲು ಬೇರೊಬ್ಬರೋ ಎಂಬುದನ್ನೂ ಕೇಳಬೇಕು. ಫೋಟೋದವರಿಗೂ ಇದೇ ಪ್ರಶ್ನೆ.

ಪೇಟೆಯಲ್ಲಿ ಸಿಗದ ಎರಡು ಸಂಗತಿಗಳೆಂದರೆ ಛತ್ರ ಮತ್ತು ಅಡುಗೆಯವರು. ಅದಕ್ಕೆ ಬಸವನಗುಡಿ, ವಿಶ್ವೇಶ್ವರಪುರ, ಮಲ್ಲೇಶ್ವರಗಳಂಥ ಬಡಾವಣೆಗಳಿಗೆ ಹೋಗಬೇಕು. ಛತ್ರವನ್ನು ಎಲ್ಲಕ್ಕಿಂತ ಮೊದಲು ಗೊತ್ತು ಮಾಡಬೇಕು, ಬಾಡಿಗೆಯ ಅಂಕಿ ಕೇಳಿ ಮಾತ್ರ ಒಪ್ಪಬಾರದು. ವಿದ್ಯುತ್ತು ಮೀಟರಿನ ಲೆಕ್ಕವೇ, ಜನರೇಟರಿಗೆ ಬೇರೆ ದುಡ್ಡೇ, ನೀರು ಸಾಲದಿದ್ದರೆ ಟ್ಯಾಂಕರು ಯಾರು ತರಿಸಬೇಕು, ಪಾತ್ರೆಗಳು ಎಷ್ಟಿವೆ, ಶುಚಿ ಮಾಡುವ ಕೂಲಿ ಸೇರಿದೆಯೇ, ಎಷ್ಟು ಗಂಟೆಗೆ ಬಿಟ್ಟುಕೊಡಬೇಕು ಎಂಬುದನ್ನೆಲ್ಲ ಕೇಳಬೇಕು. ತಮ್ಮದೇ ಅಡುಗೆಯವರನ್ನೋ ಅಲಂಕಾರದವರನ್ನೋ ಕರೆಯಬೇಕೆಂಬ ಷರತ್ತಿರುವ ಛತ್ರಗಳೂ ಉಂಟು. ಮುಂಗಡ ಕೊಟ್ಟ ಮೇಲೆ ಅದು ತಿಳಿದರೆ ಪೇಟೆ ಸುತ್ತಿದ್ದೆಲ್ಲ ವ್ಯರ್ಥ.

ಅಡುಗೆಯಲ್ಲಿ ಎರಡು ಬಗೆ. ಸಾಮಾನು ನಮ್ಮದು, ಕೂಲಿ ಅವರದು ಎಂಬುದು ಒಂದು. ಆಗ ಭಟ್ಟರು ಕೊಟ್ಟ ಪಟ್ಟಿ ಹಿಡಿದು ದಿನಸಿ ತರಬೇಕು, ಮಿಕ್ಕಿದ್ದು ಮನೆಗೆ. ಇನ್ನೊಂದು ಎಲೆ ಲೆಕ್ಕ. ಇದು ಸುಲಭವಾಗಿ ಕಂಡರೂ ‘ಕನಿಷ್ಠ ಇಷ್ಟು ಎಲೆ’ ಎಂಬ ಮಾತಿನಲ್ಲಿ ಕೊಕ್ಕೆ ಇರುತ್ತದೆ. ಎಲೆಗೆ 250 ರೂಪಾಯಿಯಂತೆ 600 ಎಲೆಗೆ ಒಪ್ಪಿದಿರೆಂದು ಇಟ್ಟುಕೊಳ್ಳಿ. ಉಂಡವರು 450 ಮಂದಿ. ಉಣ್ಣದ 150 ಎಲೆಗಳಿಗೆ 37,500 ರೂಪಾಯಿ ಹೋಯಿತು. ಎಷ್ಟೋ ಮನೆಗಳಲ್ಲಿ ಅದು ಒಂದು ಮಗುವಿನ ವರ್ಷದ ಫೀಸು. ಆದ್ದರಿಂದ ಕನಿಷ್ಠದ ಅಂಕಿಯನ್ನು ತಗ್ಗಿಸಿ ಒಪ್ಪಿ, ಮೇಲೆ ಬಂದವರಿಗೆ ಅದೇ ದರದಲ್ಲಿ ಕೊಡುವಂತೆ ಬರೆಸಿಕೊಳ್ಳಿ. ಮದುವೆಯ ದಿನ ಎಲೆ ಎಣಿಸಲು ನಮ್ಮವರೊಬ್ಬರು, ಅವರವರೊಬ್ಬರು ಒಟ್ಟಿಗೆ ನಿಂತು ಪ್ರತಿ ಪಂಕ್ತಿಗೂ ಗುರುತು ಹಾಕಿದರೆ ಕೊನೆಗೆ ಜಗಳವಿಲ್ಲ. ಇದು ನಮ್ಮ ವಿದ್ಯಾರ್ಥಿಯ ಮೂರನೆಯ ಕೆಲಸ.

ಅಡುಗೆಯವರ ಕೈರುಚಿ ತಿಳಿಯಲು ಅವರು ಒಪ್ಪಿಕೊಂಡಿರುವ ಬೇರೊಂದು ಮದುವೆಗೆ, ಆ ಮನೆಯವರ ಒಪ್ಪಿಗೆ ಪಡೆದು ಹೋಗಿ ಬರುವುದುಂಟು. ಮೊದಲ ಪಂಕ್ತಿಯಲ್ಲಿ ಎಲ್ಲರ ಸಾರೂ ರುಚಿಯಾಗಿಯೇ ಇರುತ್ತದೆ. ನೋಡಬೇಕಾದದ್ದು ಕೊನೆಯ ಪಂಕ್ತಿ. ಅಲ್ಲಿ ಅನ್ನ ಬಿಸಿಯಾಗಿದ್ದು, ಹೋಳಿಗೆ ಸಾಕಷ್ಟಿದ್ದು, ಬಡಿಸುವವರ ಮುಖ ಗಂಟಿಕ್ಕದಿದ್ದರೆ ಆ ಭಟ್ಟರನ್ನು ಧೈರ್ಯವಾಗಿ ಕರೆಯಬಹುದು.

ರಸೀದಿ ಮತ್ತು ಮರ್ಯಾದೆ

ಕೊಟ್ಟ ಪ್ರತಿ ಮುಂಗಡಕ್ಕೂ ರಸೀದಿ ಬೇಕು. ಅದರಲ್ಲಿ ತಾರೀಖು, ಒಟ್ಟು ಮೊತ್ತ, ಬಾಕಿ, ಏನೇನು ಸೇರಿದೆ, ಲಗ್ನ ಮುಂದೆ ಹೋದರೆ ಮುಂಗಡದ ಗತಿ ಏನು ಎಂಬಿಷ್ಟು ಇರಲಿ. ‘ನಂಬಿಕೆ ಮೇಲೆ ನಡೆಯೋದು ಸಾರ್’ ಎನ್ನುವವರಿಗೆ, ನಂಬಿಕೆ ಇರುವುದರಿಂದಲೇ ಬರೆದುಕೊಡಿ ಎಂದು ನಗುತ್ತಲೇ ಹೇಳಬಹುದು. ಹಣ ಕೊಟ್ಟು ಪಡೆಯುವ ಸೇವೆಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತದೆ. ಮಾತಿಗೆ ತಪ್ಪಿದವರ ಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 1915 ಸಂಖ್ಯೆಯ ಸಹಾಯವಾಣಿಯೂ ಇದೆ. ಆದರೆ ಎಲ್ಲಿ ಹೋದರೂ ಮೊದಲು ಕೇಳುವುದು ಕಾಗದವನ್ನೇ.

ಹಾಗೆಯೇ ನಾವು ಪಾಲಿಸಬೇಕಾದ ಮಾತೂ ಇದೆ. ಬೆಳಗಿನ ಮೂರಕ್ಕೆ ಎದ್ದು ಹೂ ಕಟ್ಟಿದವರು, ಒಲೆಯ ಮುಂದೆ ಬೆಂದವರು, ಗಂಟೆಗಟ್ಟಲೆ ಉಸಿರು ಕಟ್ಟಿ ನಾಗಸ್ವರ ಊದಿದವರು ಬಾಕಿಗಾಗಿ ಛತ್ರದ ಬಾಗಿಲಲ್ಲಿ ಕಾಯುವುದು ಮದುವೆ ಮನೆಗೆ ಶೋಭೆಯಲ್ಲ. ಪ್ರತಿಯೊಬ್ಬರ ಬಾಕಿಯನ್ನೂ ಹೆಸರು ಬರೆದ ಬೇರೆಬೇರೆ ಲಕೋಟೆಯಲ್ಲಿಟ್ಟು, ಗಡಿಬಿಡಿಯಲ್ಲಿಲ್ಲದ ಒಬ್ಬ ಹಿರಿಯರ ಕೈಗೆ ಹಿಂದಿನ ದಿನವೇ ಒಪ್ಪಿಸಬೇಕು. ವಾಲಗದವರಿಗೂ ಡ್ರೈವರಿಗೂ ಎಲೆ ಹಾಕಿಸಿದ್ದೇವೆಯೇ ಎಂದು ನೋಡುವವರೊಬ್ಬರಿರಬೇಕು. ಚೌಕಾಸಿ ಪೇಟೆಯಲ್ಲಿ ಮುಗಿಯಬೇಕು, ಛತ್ರದಲ್ಲಿ ಅಲ್ಲ.

ಇಷ್ಟೆಲ್ಲ ಸುತ್ತಲೇಬೇಕೆಂಬ ಕಟ್ಟಳೆಯೇನೂ ಇಲ್ಲ. ಕುವೆಂಪು ಅವರು ರೂಪಿಸಿದ ಸರಳ ‘ಮಂತ್ರ ಮಾಂಗಲ್ಯ’ದ ಪ್ರಕಾರ ಅವರ ಮಗ ತೇಜಸ್ವಿ 1966ರಲ್ಲೇ ಮದುವೆಯಾದರು. ಆ ದಾರಿ ಹಿಡಿದವರಿಗೆ ಪೇಟೆಯ ಹಂಗು ಬಹಳ ಕಡಿಮೆ. ಹೇಗೆ ಮಾಡಬೇಕೆಂಬುದು ಅವರವರ ಮನೆಯ ತೀರ್ಮಾನ. ಎರಡರಲ್ಲಿ ಯಾವುದಾದರೂ ಸರಿ, ನೋಟ್ ಪುಸ್ತಕದ ಮೊದಲ ಪುಟದ ಅಂಕಿಯನ್ನು ಕೊನೆಯ ಪುಟದ ಮೊತ್ತ ದಾಟದಿರಲಿ. ಹಾಗಾದರೆ ಮದುವೆಯ ಮರುವಾರ ಕಾಲೇಜಿನ ಶುಲ್ಕ ಕಟ್ಟಲು ಯಾರೂ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ.