ಬೆಟ್ಟದ ಹಾದಿಯಲ್ಲಿ ಸೈಕಲ್ಲು

ಸೈಕಲ್ಲೆಂದರೆ ಬಯಲುಸೀಮೆಯ ವಾಹನವೆಂಬ ಭಾವನೆ ನಮ್ಮ ಮಲೆನಾಡಿನ ಮನೆಗಳಲ್ಲಿ ಬಹುಕಾಲ ಬೇರೂರಿತ್ತು. ಅರ್ಧ ದಾರಿ ಅದನ್ನು ನಾವು ತಳ್ಳಬೇಕು, ಉಳಿದರ್ಧ ದಾರಿ ಅದು ನಮ್ಮನ್ನು ತಳ್ಳುತ್ತದೆ ಎಂದು ಹಿರಿಯರು ನಗೆಯಾಡುತ್ತಿದ್ದರು. ಇಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯ ತಪ್ಪಲಿನಲ್ಲಿರುವ ನಮ್ಮ ಕಾಫಿ ತೋಟದ ಗೇಟಿನ ಮುಂದೆ, ಭಾನುವಾರ ಬೆಳಗಾದರೆ, ದಪ್ಪ ಟೈರಿನ ಗೇರ್ ಸೈಕಲ್ಲುಗಳೊಡನೆ ತರುಣ ತರುಣಿಯರು ನಿಂತಿರುತ್ತಾರೆ. ತೋಟದೊಳಗಿನ ದಾರಿಯಲ್ಲಿ ಹೋಗಲು ಬಿಡುವಿರಾ ಎಂಬುದು ಅವರ ಬಿನ್ನಹ. ಏನು ಹೇಳುವುದೆಂದು ನಾವು ಪತಿಪತ್ನಿಯರು ಆಲೋಚಿಸುತ್ತಿದ್ದ ಕಾಲಕ್ಕೇ, ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ಮಗಳು ಅಂಥದೇ ಒಂದು ಸೈಕಲ್ಲನ್ನು ತೆಗೆದುಕೊಂಡು ರಜೆಗೆ ಬಂದಳು. ಗೇಟಿನಲ್ಲಿದ್ದ ಪ್ರಶ್ನೆ ನಡುಮನೆಗೆ ಬಂದು ಕುಳಿತಿತು.

ಈ ಬಗೆಯ ಸೈಕಲ್ಲಿನ ಹುಟ್ಟು ದೂರದ ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಟಮಲ್ಪಾಯಿಸ್ ಪರ್ವತದ ಆಸುಪಾಸಿನಲ್ಲಿ 1970ರ ದಶಕದ ಕೆಲವು ಯುವಕರು ಹಳೆಯ ಭಾರವಾದ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ, ಕಾಡ್ಗಿಚ್ಚು ನಂದಿಸಲೆಂದು ಕಡಿದ ಮಣ್ಣಿನ ರಸ್ತೆಗಳಲ್ಲಿ ಇಳಿಯುತ್ತಿದ್ದರು. 1976ರಲ್ಲಿ ಆರಂಭವಾದ ಅವರ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಒಂದು ಇಳಿತಕ್ಕೇ ಹಿಂಚಕ್ರದ ಬ್ರೇಕಿನ ಗ್ರೀಸು ಸುಟ್ಟುಹೋಗಿ, ಮತ್ತೆ ತುಂಬಬೇಕಾಗುತ್ತಿದ್ದುದರಿಂದ ಆ ಹೆಸರು ಬಂದಿತಂತೆ. ಮರುವರ್ಷ ಜೋ ಬ್ರೀಝ್ ಎಂಬಾತ ಇದಕ್ಕೆಂದೇ ಹೊಸ ಚೌಕಟ್ಟನ್ನು ಬೆಸೆದನು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಇದೂ ಒಂದು ಸ್ಪರ್ಧೆಯಾಯಿತು. ನಮ್ಮಲ್ಲಿ 90ರ ದಶಕದ ಹುಡುಗರು ನೇರ ಹ್ಯಾಂಡಲ್ಲಿನ ‘ರೇಂಜರ್’ ಸೈಕಲ್ಲಿಗಾಗಿ ಹಟ ಹಿಡಿದುದನ್ನು ಓದುಗರಲ್ಲಿ ಹಲವರು ಮರೆತಿರಲಾರರು. ಅದು ಪೇಟೆಯ ಬೀದಿಯನ್ನು ಬಿಟ್ಟು ಬೆಟ್ಟವನ್ನು ಕಂಡುದು ಕಡಿಮೆ ಎನ್ನಬೇಕು.

ಮಗಳು ತನ್ನ ಗೆಳತಿಯರೊಡನೆ ಎರಡು ದಿನದ ಪ್ರವಾಸವೊಂದನ್ನು ಯೋಜಿಸಿದ್ದಳು. ಮೊಬೈಲಿನ ನಕಾಶೆಯಲ್ಲಿ ಎಳೆದ ಆ ಗೆರೆ ಗಿರಿಯ ನೆತ್ತಿಯಿಂದ ಇಳಿದು, ದಟ್ಟ ಹಸಿರಿನ ನಡುವೆ ಹಾದು, ಮತ್ತೊಂದು ಬದಿಯಲ್ಲಿ ಹೊರಬೀಳುತ್ತಿತ್ತು. ಆ ಹಸಿರು ಭದ್ರಾ ಅಭಯಾರಣ್ಯ. 1998ರಿಂದ ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ನಕಾಶೆಗೆ ದಾರಿ ಗೊತ್ತು, ದಾರಿಯ ಒಡೆಯರು ಯಾರೆಂಬುದು ಗೊತ್ತಿಲ್ಲ. ಆ ಗೆರೆಯನ್ನು ಅಳಿಸಿದ ಹೊರತು ಮಾತು ಮುಂದುವರಿಯದೆಂದು ನಾವು ಖಂಡಿತವಾಗಿ ಹೇಳಿದೆವು. ಅವಳು ಮುಖ ಊದಿಸಿಕೊಂಡರೂ ಅಳಿಸಿದಳು.

ಅಷ್ಟರಲ್ಲಿ ಬಂದಿದ್ದ ಸೋದರತ್ತೆಯವರು, “ಹೆಣ್ಣುಮಗಳು ಕಾಡುಗುಡ್ಡ ಅಲೆಯೋದು ಅಂದ್ರೆ ಏನು? ನಾಳೆ ನಾಲ್ಕು ಮನೆಯವರು ಕೇಳಿದರೆ ಏನು ಹೇಳ್ತೀರಿ?” ಎಂದರು. ನಾವಿನ್ನೂ ಉತ್ತರ ಹುಡುಕುತ್ತಿದ್ದೆವು. ಪೂಜೆ ಮುಗಿಸಿ ಈಚೆ ಬಂದ ಅಜ್ಜಿಯವರೇ ತಮ್ಮ ಮಗಳಿಗೆ ಉತ್ತರ ಕೊಟ್ಟರು: “ಈ ಗುಡ್ಡನ ತಲೆ ಮೇಲೆ ಹೊರೆ ಇಟ್ಕೊಂಡು ಹತ್ತಿದೋಳು ನಾನು. ಹೆಣ್ಣು ಅಂತ ಆಗ ಯಾರಾದ್ರೂ ಹೊರೆ ಇಳಿಸಿದ್ರೇನೆ?” ಸೋದರತ್ತೆಯವರು ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ನಮಗಿದ್ದ ಭಯ ನಾಲ್ಕು ಮನೆಯವರದಲ್ಲ. ಇಳಿಜಾರಿನದು, ಕಾಟಿಯದು, ಆನೆಯದು.

ಆ ರಾತ್ರಿ ಎಲ್ಲರೂ ಕುಳಿತು ದಾರಿಗಳನ್ನು ಆರಿಸಿದೆವು. ಮೊದಲನೆಯದು ಮುಳ್ಳಯ್ಯನಗಿರಿಯ ಡಾಂಬರು ರಸ್ತೆ. ಕರ್ನಾಟಕದ ಅತ್ಯುನ್ನತವಾದ ಈ ಶಿಖರದ ಎತ್ತರ ಸುಮಾರು 1,930 ಮೀಟರ್. ಚಿಕ್ಕಮಗಳೂರು ಪಟ್ಟಣವಿರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಸುಮಾರು 20 ಕಿಲೋಮೀಟರ್ ದಾರಿಯಲ್ಲಿ 800 ಮೀಟರಿಗೂ ಹೆಚ್ಚು ಏರಬೇಕು. ಸರಾಸರಿ ತೆಗೆದರೆ ನೂರು ಮೀಟರಿಗೆ ನಾಲ್ಕು ಮೀಟರ್. ಕಾಗದದ ಮೇಲೆ ಇದು ಸೌಮ್ಯ. ಆದರೆ ಸೀತಾಳಯ್ಯನಗಿರಿ ದಾಟಿದ ಮೇಲಿನ ತಿರುವುಗಳಿಗೆ ಸರಾಸರಿಯ ಲೆಕ್ಕ ತಿಳಿಯದು. ಒಂದು ಬದಿ ಬಂಡೆ, ಇನ್ನೊಂದು ಬದಿ ಆಳ. ರಜಾದಿನಗಳಲ್ಲಿ ಕಾರುಗಳ ಸಾಲು ಬೇರೆ. ಆದ್ದರಿಂದ ಹೋಗುವವರು ವಾರದ ನಡುವೆ, ಬೆಳಕು ಹರಿಯುತ್ತಲೇ ಹೊರಡುವುದು ಲೇಸು. ಕೊನೆಯ ಭಾಗಕ್ಕೆ ಮೆಟ್ಟಿಲುಗಳಿವೆ. ಸೈಕಲ್ಲನ್ನು ಕೆಳಗೇ ಬಿಟ್ಟು, ಮುಳ್ಳಪ್ಪಸ್ವಾಮಿಯ ಗದ್ದುಗೆಗೆ ನಡೆದೇ ಹೋಗಬೇಕು.

ಬಾಬಾಬುಡನ್‌ಗಿರಿಯ ಕಡೆಯ ರಸ್ತೆಯೂ ಡಾಂಬರಿನದೇ. ಆ ಭಾಗದಿಂದ ಕೆಮ್ಮಣ್ಣುಗುಂಡಿಯತ್ತ ಹೋಗುವ ಒರಟಾದ ಕಲ್ಲುಹಾದಿಯ ಬಗ್ಗೆ ಈ ತರುಣರಿಗೆ ಬಹಳ ಮೋಹ. ಅರಣ್ಯ ಇಲಾಖೆಯವರನ್ನು ಮುಂಚಿತವಾಗಿ ಕೇಳದೆ ಆ ಕಡೆ ತಿರುಗಬಾರದೆಂದೆವು; ಕೆಮ್ಮಣ್ಣುಗುಂಡಿಗೆ ಲಿಂಗದಹಳ್ಳಿಯ ಮೇಲೆ ಒಳ್ಳೆಯ ರಸ್ತೆಯೇ ಇದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ಇಲಾಖೆಯವರು ಚಾರಣವನ್ನೇ ನಿಲ್ಲಿಸುವುದುಂಟು. ಮಳೆಗಾಲದಲ್ಲಿ ಜಿಗಣೆ, ಮಂಜು, ಜಾರು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ಸಂಚಾರವೇ ನಿಂತುದನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಹೀಗಾಗಿ ಮಳೆ ನಿಂತು ನೆಲ ಬಿಗಿದ ಮೇಲಿನ ಕೆಲವೇ ತಿಂಗಳು ಈ ಸವಾರಿಗೆ ಯೋಗ್ಯ. ಆಗಲಾದರೋ ಅರೇಬಿಕಾ ಕುಯ್ಲಿನ ಕಾಲ, ತೋಟದ ದಾರಿಗಳ ತುಂಬ ಟ್ರಾಕ್ಟರು!

ತೋಟದ ದಾರಿಯ ಮಾತಿಗೇ ಬರೋಣ. ನಮ್ಮ ಮಾವನವರು ಕಡಿಸಿದ ದಾರಿ ಗುಡ್ಡವನ್ನು ನೇರವಾಗಿ ಏರುವುದಿಲ್ಲ. ಹಾವಿನಂತೆ ಅಡ್ಡಡ್ಡ ಸುತ್ತಿ ಏರುತ್ತದೆ. ಮೇಲ್ಮಗ್ಗುಲಲ್ಲಿ ಚರಂಡಿ, ಅಲ್ಲಲ್ಲಿ ನೀರನ್ನು ಆಚೆ ದಾಟಿಸುವ ಕಲ್ಲಿನ ಅಡ್ಡಗಾಲುವೆ, ಗಿಡಗಳ ಸಾಲಿನ ನಡುವೆ ನೀರಿಂಗಲು ತೊಟ್ಟಿಲು ಗುಂಡಿ. ಎತ್ತಿನ ಗಾಡಿ ದಣಿಯದೆ ಏರಬೇಕು, ಮಳೆ ಮಣ್ಣನ್ನು ಒಯ್ಯಬಾರದು ಎಂಬ ಎರಡೇ ಲೆಕ್ಕ ಅವರದು. 1988ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಮೌಂಟನ್ ಬೈಸಿಕಲ್ ಸವಾರರ ಸಂಘವು ಹಾದಿ ಕಡಿಯುವವರಿಗೆ ಹೇಳುವುದೂ ಇದನ್ನೇ ಎಂದು ಮಗಳು ಓದಿ ಹೇಳಿದಾಗ ನಾವು ಬೆರಗಾದೆವು. ಗುಡ್ಡದ ಓರೆ ಎಷ್ಟಿದೆಯೋ ಹಾದಿಯ ಓರೆ ಅದರ ಅರ್ಧವನ್ನು ಮೀರಬಾರದು; ಮೀರಿದರೆ ನೀರು ಹಾದಿಯನ್ನು ಅಡ್ಡ ದಾಟುವುದನ್ನು ಬಿಟ್ಟು ಹಾದಿಯುದ್ದಕ್ಕೂ ಹರಿಯತೊಡಗುತ್ತದೆ. ಒಟ್ಟಿನ ಏರು ನೂರಕ್ಕೆ ಹತ್ತರ ಸುಮಾರಿನಲ್ಲಿರಬೇಕು. ಮಾವನವರು ಯಾವ ಸಂಘದ ಸದಸ್ಯರೂ ಆಗಿರಲಿಲ್ಲ.

ಇದು ಬರಿಯ ಶಾಸ್ತ್ರವಲ್ಲವೆಂಬುದಕ್ಕೆ ನಮ್ಮ ತೋಟದ ಮೂರನೆಯ ತಿರುವೇ ಸಾಕ್ಷಿ. ಒಮ್ಮೆ ಹೊರಗಿನಿಂದ ಬಂದ ಗುಂಪೊಂದು ಅಲ್ಲಿ ಹಿಂದಿನ ಬ್ರೇಕನ್ನು ಬಿಗಿಹಿಡಿದು, ಚಕ್ರ ಉರುಳದೆ ಉಜ್ಜಿಕೊಂಡೇ ಇಳಿಯಿತು. ಮಣ್ಣಿನಲ್ಲಿ ಬೆರಳುದ್ದ ಆಳದ ಗೀರುಗಳು ಮೂಡಿದವು. ಯಾರೂ ಅದನ್ನು ಲೆಕ್ಕಿಸಲಿಲ್ಲ. ಅನಂತರದ ಮಳೆಗೆ ನೀರು ಆ ಗೀರುಗಳನ್ನೇ ದಾರಿ ಮಾಡಿಕೊಂಡು, ಅಡ್ಡಗಾಲುವೆಯನ್ನು ತಪ್ಪಿಸಿ, ಮೊಣಕಾಲುದ್ದದ ಕೊರಕಲು ಮಾಡಿತು. ಕೊಚ್ಚಿದ ಕೆಂಪು ಮಣ್ಣು ಹೋಗಿ ಸೇರಿದ್ದು ಕೆಳಗಿನ ಒರತೆಗೆ. ಲೈನ್ ಮನೆಯ ಏಳು ಕುಟುಂಬಗಳು ಕುಡಿಯುವ ನೀರು ಅದು. ಹತ್ತು ದಿನ ಅವರು ದೂರದ ಬಾವಿಯಿಂದ ಬಿಂದಿಗೆ ಹೊತ್ತರು. ಸವಾರರಿಗೆ ಒಂದು ಕ್ಷಣದ ಉಲ್ಲಾಸ. ಅದರ ಬೆಲೆಯನ್ನು ತೆತ್ತವರು ಸೈಕಲ್ಲಿನ ಹತ್ತಿರವೂ ಸುಳಿಯದ ಹೆಂಗಸರು.

ಮಗಳನ್ನೂ ಅವಳ ಗೆಳತಿಯರನ್ನೂ ಮೊದಲು ಆ ಕೊರಕಲಿನ ಬಳಿಗೇ ಕರೆದೊಯ್ದೆವು. ಮೈಕೈ ಮಣ್ಣು ಮಾಡಿಕೊಂಡು ಒಂದಿಡೀ ಬೆಳಗು ಅವರು ಆಳುಗಳೊಡನೆ ಕಲ್ಲು ತುಂಬಿದರು. ಅನಂತರ ಅವಳು ನಮಗೆ ಇಳಿಯುವ ಬಗೆಯನ್ನು ತೋರಿಸಿದಳು. ತಿರುವು ಬರುವ ಮೊದಲೇ ವೇಗವನ್ನು ತಗ್ಗಿಸಬೇಕಂತೆ, ತಿರುವಿನಲ್ಲಲ್ಲ. ಎರಡು ಬ್ರೇಕುಗಳನ್ನೂ ಹದವಾಗಿ, ಬಿಟ್ಟು ಬಿಟ್ಟು ಒತ್ತಬೇಕು. ಪೆಡಲುಗಳು ಸಮವಾಗಿರಬೇಕು, ಸೀಟಿನಿಂದ ಸ್ವಲ್ಪ ಎದ್ದು ಮೈಯನ್ನು ಹಿಂದಕ್ಕೆ ಸರಿಸಬೇಕು. ಮಣ್ಣಿನ ಹಾದಿಯಲ್ಲಿ ಟೈರಿನ ಗಾಳಿ ಕೊಂಚ ಕಡಿಮೆಯಿದ್ದರೆ ಹಿಡಿತ ಹೆಚ್ಚು. ಹೆಲ್ಮೆಟ್ಟಿನ ಮಾತನ್ನು ನಾವು ಹೇಳುವ ಮೊದಲೇ ಅವಳು ಧರಿಸಿಯಾಗಿತ್ತು.

ನಾವು ಕೂಡಿಸಿದ ಒಂದೇ ಒಂದು ಪಾಠವೆಂದರೆ ಗಂಟೆ. ದುಬಾರಿ ಸೈಕಲ್ಲುಗಳವರು ಭಾರವೆಂದೋ ಅಂದಗೇಡೆಂದೋ ಗಂಟೆಯನ್ನೇ ಕಳಚಿಡುತ್ತಾರೆ. ಆದರೆ ಸದ್ದಿಲ್ಲದೆ ಬರುವ ಸೈಕಲ್ಲು ಕಾಡಂಚಿನಲ್ಲಿ ಜೀಪಿಗಿಂತ ಅಪಾಯಕರ. ಜೀಪಿನ ಸದ್ದಿಗೆ ಕಾಟಿ ದೂರದಿಂದಲೇ ಸರಿದುಹೋಗುತ್ತದೆ. ಸೈಕಲ್ಲಾದರೋ ತಿರುವಿನಲ್ಲಿ ಹಠಾತ್ತನೆ ಅದರ ಎದುರಿಗೇ ಪ್ರತ್ಯಕ್ಷವಾಗುತ್ತದೆ. ಆನೆಯ ಸುದ್ದಿಯಿರುವ ದಿನ ಗಂಟೆಯೂ ಸಾಲದು, ಮನೆಯಲ್ಲಿರುವುದೇ ಸರಿ. ಮುಂಜಾನೆ ಮಬ್ಬಿನಲ್ಲೂ ಸಂಜೆಯ ಮೇಲೂ ತೋಟದ ದಾರಿ ಬೇಡವೆಂದು ಕಟ್ಟುಮಾಡಿದೆವು. ಪೇಟೆಯಿಂದ ಹಳೆಯ ಕಾಲದ ಹಿತ್ತಾಳೆಯ ಗಂಟೆಗಳನ್ನು ತರಿಸಿ ನಾಲ್ಕು ಸೈಕಲ್ಲಿಗೂ ಕಟ್ಟಿಸಿದ್ದಾಯಿತು. ಗೆಳತಿಯರು ನಕ್ಕರು, ಕಟ್ಟಿಸಿಕೊಂಡರು.

ಎರಡು ದಿನವೂ ಅವರು ಹೇಳಿದ ಹೊತ್ತಿಗೆ ಹಿಂತಿರುಗಿದರು. ಮುಳ್ಳಯ್ಯನಗಿರಿಯಿಂದ ಇಳಿಯುವಾಗ ಒಬ್ಬಳ ಬ್ರೇಕು ಬಿಸಿಯಾಗಿ ವಾಸನೆ ಬಂದಿತಂತೆ. ಅರ್ಧ ಗಂಟೆ ನಿಂತು ಆರಿಸಿಕೊಂಡು ಬಂದರಂತೆ. ನಿಲ್ಲಬೇಕೆಂದು ತಿಳಿದುದೇ ನಮಗೆ ಸಮಾಧಾನ ತಂದಿತು. ಅಜ್ಜಿಯವರು ಅಷ್ಟು ಹೊತ್ತೂ ಜಗುಲಿಯಲ್ಲೇ ಕುಳಿತಿದ್ದು, ಗಂಟೆಯ ಸದ್ದು ಕೇಳಿದ ಮೇಲೆ ಒಳಗೆ ಹೋಗಿ ರೊಟ್ಟಿಯ ಹಂಚು ಇಡಿಸಿದರು.

ಗೇಟಿನ ಪ್ರಶ್ನೆಯನ್ನು ಲೈನ್ ಮನೆಯವರೊಡನೆ ಕುಳಿತು ತೀರ್ಮಾನಿಸಿದೆವು. ನೀರು ಅವರದಾದ್ದರಿಂದ ಮೊದಲ ಮಾತೂ ಅವರದೇ ಎನಿಸಿತು. ಜೂನಿನಿಂದ ಮಳೆ ನಿಲ್ಲುವವರೆಗೆ ಗೇಟು ಮುಚ್ಚಿರುತ್ತದೆ. ಉಳಿದ ಕಾಲದಲ್ಲಿ ಕೇಳಿ ಬಂದವರಿಗೆ, ಆರು ಮಂದಿಗೆ ಮೀರದಂತೆ, ದಾರಿಯುಂಟು. ಮೂರನೆಯ ತಿರುವಿನಲ್ಲಿ ಮಾತ್ರ ಇಳಿದು ನಡೆಯಬೇಕು. ಕೆಲವರು ಗೊಣಗಿ ಹಿಂತಿರುಗಿದ್ದಾರೆ, ಬಹಳ ಮಂದಿ ಒಪ್ಪಿದ್ದಾರೆ. ಆ ತಿರುವಿನ ಕೆಳಗೆ ಮತ್ತೊಂದು ಅಡ್ಡಗಾಲುವೆ ಬೇಕೆಂದು ಲೈನ್ ಮನೆಯ ಹಿರಿಯರೊಬ್ಬರು ಹೇಳುತ್ತಿದ್ದಾರೆ. ಮುಂದಿನ ರಜೆಗೆ ಬಂದಾಗ ಜಾಗವನ್ನು ತಾನೇ ಗುರುತು ಮಾಡುತ್ತೇನೆ, ಅಲ್ಲಿಯವರೆಗೆ ತೋಡಿಸಬೇಡಿ ಎಂದು ಮಗಳು ಬರೆದಿದ್ದಾಳೆ.