ಮ್ಯಾಟಿನ ಕೆಳಗಿನ ತುಕ್ಕು

ಹಳೆಯ ಕಾರು ಕೊಳ್ಳುವಾಗ ನಾನು ಬಣ್ಣ ನೋಡಿ ಮರುಳಾದೆ. ಮಳೆಗಾಲದಲ್ಲಿ ಕಾಲಡಿಯ ಮ್ಯಾಟ್ ಒದ್ದೆಯಾಯಿತು. ಎತ್ತಿದರೆ ತಗಡನ್ನು ತುಕ್ಕು ತಿಂದಿತ್ತು.

ಪ್ರಿಯ ಓದುಗರೇ, ನೀವು ಮೊದಲೇ ಮ್ಯಾಟ್ ಎತ್ತಿ ನೋಡಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆರ್‌ಸಿಯಲ್ಲಿ ಸಾಲದ ನಮೂದು ಇದೆಯೇ, ನೋಂದಣಿಯ 15 ವರ್ಷ ಮುಗಿಯಲು ಎಷ್ಟು ಬಾಕಿಯಿದೆ ಎಂದೂ ಪರಿಶೀಲಿಸಿ.

ಕೊನೆಗೆ ಆ ಕಾರನ್ನು ನಾನೇ ಮಾರಬೇಕಾಗಿ ಬಂತು. “ಹೊಸ ಮ್ಯಾಟ್ ಹಾಸಿಬಿಡಿ ಉಸ್ತಾದರೇ, ಯಾರು ನೋಡುತ್ತಾರೆ?” ಎಂದರು ಬ್ರೋಕರ್. ಮೇಲೆ ಒಣಗಿದ, ಒಳಗೆ ಒದ್ದೆಯಿದ್ದ ಧಾನ್ಯದ ರಾಶಿಗೆ ಪ್ರವಾದಿ(ಸ) ಕೈಹಾಕಿ ವ್ಯಾಪಾರಿಯನ್ನು ಎಚ್ಚರಿಸಿದ ಘಟನೆಯನ್ನು ಮಕ್ಕಳಿಗೆ ಪ್ರತಿವರ್ಷ ಕಲಿಸುವವನು ನಾನು. ಕೊಳ್ಳಲು ಬಂದವರಿಗೆ ನಾನೇ ಮ್ಯಾಟ್ ಎತ್ತಿ ತೋರಿಸಿದೆ.

ಹದಿನೈದು ಸಾವಿರ ಕಡಿಮೆ ಸಿಕ್ಕಿತು. ಸಿಕ್ಕಿದ್ದರಲ್ಲಿ ಬರಕತ್ ಇರಲೆಂದು ದುಆ ಮಾಡಿ.